ಎಂಜಿನ್ ತೆರೆಯದೆ ನನ್ನ ಚೆಸ್ ಆಟಕ್ಕೆ ಟಿಪ್ಪಣಿ ಬರೆದೆ: ನನ್ನ ಅನುಭವ

"ಎಂಜಿನ್ ಸೆಕೆಂಡಲ್ಲಿ ಹೇಳೋದನ್ನ ನೀನು ಗಂಟೆಗಟ್ಟಲೆ ಕೂತು ಬರೀತೀಯಾ?" ಅಂತ ನಕ್ಕವರೇ ಜಾಸ್ತಿ. ಎಂಜಿನ್ ಅಂದರೆ ಚೆಸ್ ನಡೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ. ನನ್ನ ರೇಟಿಂಗ್ (ಆಟದ ಮಟ್ಟ ಅಳೆಯುವ ಅಂಕ) 1250ರ ಆಸುಪಾಸಿನಲ್ಲಿ ಎರಡು ವರ್ಷ ಒದ್ದಾಡಿತ್ತು, ಈಗ 1500 ದಾಟಿದೆ. ನಕ್ಕವರಲ್ಲೇ ಕೆಲವರು ನನ್ನ ನೋಟ್‌ಬುಕ್ ಕೇಳುತ್ತಿದ್ದಾರೆ.

ಅದಕ್ಕೂ ಮುಂಚೆ ದುಡ್ಡು ಸುರಿದದ್ದೇನು ಕಮ್ಮಿಯಲ್ಲ. ಆರೇಳು ತಿಂಗಳು ಕೋಚ್‌ಗೆ ಫೀಸು ಕಟ್ಟಿದೆ. ಓಪನಿಂಗ್ (ಆಟದ ಆರಂಭದ ನಡೆಗಳು) ಕೋರ್ಸ್ ಕೊಂಡೆ. ಅದರಲ್ಲಿನ ಲೈನು ಆಡುವ ಎದುರಾಳಿ ಸಿಗಲೇ ಇಲ್ಲ. ನಮ್ಮ ಮಟ್ಟದಲ್ಲಿ ಐದಾರು ನಡೆಗೇ ಎಲ್ಲರೂ ದಾರಿ ಬಿಟ್ಟಿರುತ್ತಾರೆ, ಅಲ್ವಾ? ವಿಶ್ಲೇಷಣೆಗೆ ಅಂತ ಕಟ್ಟಿದ ಚಂದಾ ಶುದ್ಧ ದಂಡ. ಸ್ಟಾಕ್‌ಫಿಶ್ ಅನ್ನೋ ಎಂಜಿನ್ ಪುಕ್ಕಟೆ ಸಿಗುತ್ತದೆ.

ಈಗ ಮಾಡುವುದಿಷ್ಟೇ. ಆಟ ಮುಗಿದ ದಿನವೇ, ಆ ನಡೆ ಆಡುವಾಗ ತಲೆಯಲ್ಲಿ ಏನಿತ್ತು ಅಂತ ಬರೆಯುತ್ತೇನೆ. ಸರಿಯಾದ ನಡೆ ಯಾವುದು ಅನ್ನೋದು ಆಮೇಲೆ.

ಒಂದು ಆಟ ನೋಡಿ. ಬಿಳಿ ನನ್ನದು. (ಇ4, ಎಫ್3 ಇವೆಲ್ಲ ಮನೆಗಳ ಹೆಸರು; ಕಾಯಿ ಹೆಸರಿಲ್ಲದಿದ್ದರೆ ಅದು ಕಾಲಾಳಿನ ನಡೆ.) 1.ಇ4 ಇ5 2.ಕುದುರೆ ಎಫ್3, ಡಿ6 3.ಬಿಷಪ್ ಸಿ4, ಬಿಷಪ್ ಜಿ4 4.ಕುದುರೆ ಸಿ3, ಕುದುರೆ ಸಿ6 5.ಎಚ್3, ಬಿಷಪ್ ಎಚ್5. ಇಲ್ಲಿ ಸುಮ್ನೆ ಡಿ3 ಆಡಿದೆ. ನೋಟ್‌ಬುಕ್‌ನಲ್ಲಿ ಬರೆದದ್ದು: "ಸಿ6ರಲ್ಲಿ ಕುದುರೆ ಇದೆ, ಲೆಗಾಲ್ ಮೇಟ್ ನಡೆಯಲ್ಲ." (ಲೆಗಾಲ್ ಮೇಟ್ ಅಂದರೆ ರಾಣಿಯನ್ನೇ ಬಲಿಕೊಟ್ಟು ಕುದುರೆ, ಬಿಷಪ್‌ಗಳಿಂದ ಕೊಡುವ ಮೇಟ್.)

ಬಿಷಪ್ ಜಿ4ರಲ್ಲಿದ್ದಷ್ಟು ಹೊತ್ತು ಆ ಮಾತು ಸರಿ. ನಾನು ಇ5 ಹೊಡೆದರೆ ಅವನ ಕುದುರೆ ಅಲ್ಲಿಗೇ ಬಂದು ಹೊಡೆಯುತ್ತದೆ, ಜಿ4ನ್ನೂ ಕಾಯುತ್ತದೆ. ಆದರೆ ಎಚ್3 ತಳ್ಳಿ ಬಿಷಪ್‌ನ ಎಚ್5ಗೆ ಓಡಿಸಿದವನು ನಾನೇ! ಇ5ರ ಕುದುರೆಗೆ ಆ ಮನೆ ಎಟಕುವುದಿಲ್ಲ. 6.ಕುದುರೆ ಇ5 ಹೊಡೆತ, ಅವನ ಕುದುರೆಯೂ ಅಲ್ಲೇ ಹೊಡೆತ 7.ರಾಣಿ ಎಚ್5 ಹೊಡೆತ, ಕುದುರೆ ಸಿ4 ಹೊಡೆತ 8.ರಾಣಿ ಬಿ5 ಚೆಕ್. ಸಿ4ರ ಕುದುರೆ ನನ್ನದು, ಒಂದು ಕಾಲಾಳು ಲಾಭ. ಆರನೇ ನಡೆಗೆ ಅವನು ಆಸೆಬಿದ್ದು ನನ್ನ ರಾಣಿ ಹೊಡೆದಿದ್ದರೆ ಬಿಷಪ್ ಎಫ್7, ಕುದುರೆ ಡಿ5, ಎರಡೇ ನಡೆಯಲ್ಲಿ ಮೇಟ್.

ಬರೆದಾದ ಮೇಲೆ ತೆರೆದ ಎಂಜಿನ್ ಡಿ3ಗೆ ತಪ್ಪು ಅಂತ ಗುರುತು ಹಾಕಿತು, ಅಷ್ಟೇ. ಒಮ್ಮೆ 'ಆಗಲ್ಲ' ಅಂದುಕೊಂಡ ಲೆಕ್ಕವನ್ನು ಕಾಯಿ ಕದಲಿದ ಮೇಲೂ ನಾನು ಮತ್ತೆ ನೋಡುವುದಿಲ್ಲ ಅಂತ ತೋರಿಸಿದ್ದು ನೋಟ್‌ಬುಕ್. ಮೂವತ್ತು-ನಲವತ್ತು ಆಟ ತಿರುವಿದಾಗ ಇದೇ ರೋಗ ಹತ್ತು ಹನ್ನೆರಡು ಕಡೆ ಸಿಕ್ಕಿತು.

ನಡುವೆ ಬೇರೆ ಪ್ರಯೋಗಗಳೂ ಆದವು. ಮಾತಾಡಿ ರೆಕಾರ್ಡ್ ಮಾಡಿದೆ. ತಿರುಗಿ ಕೇಳುವ ತಾಳ್ಮೆ ಯಾರಿಗಿದೆ? ಬ್ಲಿಟ್ಜ್ (ಕೆಲವೇ ನಿಮಿಷಗಳ) ಆಟಕ್ಕೆ ಬರೆದೆ. ಯೋಚನೆಯೇ ಇರಲಿಲ್ಲ, ಬರೆಯೋದೇನು? ಟಿಪ್ಪಣಿಯನ್ನು ಎದುರಾಳಿಗೇ ಕಳಿಸಿದ್ದು ಮಾತ್ರ ಫಲ ಕೊಟ್ಟಿತು. ನಾನು ಹೆದರಿದ ಕಡೆ ಅವನೂ ಹೆದರಿ ಕೂತಿದ್ದನಂತೆ. ಬರೆದದ್ದನ್ನು ಬೇರೆಯವರ ಟೀಕೆಗೆ ಒಡ್ಡಬೇಕು ಅಂತ ಮಾಜಿ ವಿಶ್ವ ಚಾಂಪಿಯನ್ ಬೋಟ್ವಿನ್ನಿಕ್ ಯಾವತ್ತೋ ಹೇಳಿದ್ದಾರೆ, ನಕ್ಕವರು ಗಮನಿಸಲಿ.

ತಪ್ಪುಗಳನ್ನು ವಿಂಗಡಿಸಲು ನಾನು ಬಳಸುವ ಗುರುತುಗಳನ್ನು ಇಲ್ಲಿ ಹೇಳುವುದಿಲ್ಲ. ನಿಮ್ಮಲ್ಲಿ ಕೆಲವರ ಜೊತೆ ಇನ್ನೂ ಆಡಬೇಕಿದೆ! ಸದ್ಯಕ್ಕೆ ಗೆದ್ದ ಆಟಗಳಿಗೂ ಬರೆಯತೊಡಗಿದ್ದೇನೆ. ಕೈತಪ್ಪಿದ ಅವಕಾಶ ಅಲ್ಲೇ ಜಾಸ್ತಿ ಸಿಗುತ್ತಿದೆ.