ಹೈಡ್ರೋಸ್ ಹಾಕದೆ ಹೊಂಬಣ್ಣದ ಬೆಲ್ಲ: ನಮ್ಮ ಆಲೆಮನೆಯ ಲೆಕ್ಕ

"ಬುಡಿ ಗೌಡ್ರೆ, ಹೈಡ್ರೋಸ್ ಹಾಕ್ದೆ ಈ ಬಣ್ಣ ಎಲ್ಲಿಂದ ಬತ್ತದೆ?" ಮಂಡ್ಯದ ಮಂಡಿಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಹೈಡ್ರೋಸ್ ಅಂದರೆ ಬೆಲ್ಲ ಹಳದಿಯಾಗಿ ಕಾಣಲೆಂದು ಹಾಕುವ ರಾಸಾಯನಿಕ ಪುಡಿ. ಕೊನೆಗೆ ಸ್ಯಾಂಪಲ್ ಲ್ಯಾಬಿಗೆ ಕಳಿಸಿದೆ. ಹೈಡ್ರೋಸ್ ಹಾಕಿದ ಗುರುತಾಗಿ ಬೆಲ್ಲದಲ್ಲಿ ಉಳಿಯುವುದು ಸಲ್ಫರ್ ಡೈಆಕ್ಸೈಡ್; ಅದು 70 ಪಿಪಿಎಂ (ಹತ್ತು ಲಕ್ಷದಲ್ಲಿ 70 ಭಾಗ) ದಾಟಬಾರದು ಅನ್ನುವುದು ಕಾನೂನು. ನಮ್ಮ ಬೆಲ್ಲದಲ್ಲಿ ಅದು ಪತ್ತೆಯೇ ಆಗಲಿಲ್ಲ ಅಂತ ರಿಪೋರ್ಟ್ ಬಂತು. ಅದರ ಜೆರಾಕ್ಸ್ ಈಗ ಜೇಬಲ್ಲೇ ಇರುತ್ತದೆ.

ಆಲೆಮನೆ ನಡೆಸುವವರಿಗೆ ಪಾಕ ಕಾಯಿಸುವುದನ್ನು ನಾನು ಹೇಳಿಕೊಡಬೇಕಿಲ್ಲ. ಬಣ್ಣದ ವಿಷಯ ಮಾತ್ರ ಹೇಳುತ್ತೇನೆ. ಯಾಕೆಂದರೆ ದುಡ್ಡು ಹೋಗಿದ್ದೂ ಅಲ್ಲೇ, ಬಂದಿದ್ದೂ ಅಲ್ಲೇ.

ಈ ಹೈಡ್ರೋಸ್‌ನ ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಇಂಡಿಗೊ ನೀಲಿ ಬಣ್ಣ ಹಾಕುವವರೂ ಇದನ್ನೇ ಬಳಸುತ್ತಾರೆ. ತೊಟ್ಟಿಯಲ್ಲಿ ನೀಲಿ ಹಳದಿ ಹಸಿರಿಗೆ ತಿರುಗುತ್ತದೆ, ಬಟ್ಟೆ ಮೇಲೆತ್ತಿ ಗಾಳಿಗೆ ಹಿಡಿದರೆ ಮತ್ತೆ ನೀಲಿಯಾಗುತ್ತದೆ. ಬೆಲ್ಲದಲ್ಲೂ ಹೆಚ್ಚುಕಮ್ಮಿ ಅದೇ ಕಥೆ. ಬಣ್ಣ ಹೋಗಿರುವುದಿಲ್ಲ, ಅವಿತಿರುತ್ತದೆ. ಗೋದಾಮಿನಲ್ಲಿ ಕೆಲವು ತಿಂಗಳು ಇಟ್ಟರೆ ಹಳದಿ ಅಚ್ಚು ಮಂಕಾಗುವುದನ್ನು ನೀವೂ ನೋಡಿರುತ್ತೀರಿ. ಅದನ್ನು ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟೆ: ಬಂದ ಕಪ್ಪನ್ನು ತೆಗೆಯುವುದಕ್ಕಿಂತ ಕಪ್ಪು ಬರದ ಹಾಗೆ ನೋಡಿಕೊಳ್ಳಬೇಕು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಹೈಡ್ರೋಸ್ ನಿಲ್ಲಿಸಿ ಸುಣ್ಣ ಜಾಸ್ತಿ ಮಾಡಿದೆ. ಮಡ್ಡಿ (ಮೇಲೆ ತೇಲುವ ಕೊಳೆ) ಚೆನ್ನಾಗಿ ಎದ್ದಿತು, ಕಬ್ಬಿನ ಹಾಲು, ಅಂದರೆ ರಸ, ತಿಳಿಯಾಯಿತು, ಬೆಲ್ಲ ಮಾತ್ರ ಕಾಫಿಪುಡಿ ಬಣ್ಣಕ್ಕೆ ಬಂತು. ಕ್ಷಾರ ಹೆಚ್ಚಾದರೆ ಹಾಲಿನಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್ ಒಡೆದು ಕಪ್ಪಾಗುತ್ತವೆ. ಆ ಸೀಸನ್‌ನಲ್ಲಿ ಸುಮಾರು ಎಂಟು ಹತ್ತು ಕ್ವಿಂಟಾಲ್ ಬೆಲ್ಲ ದನದ ಮೇವಿನವರಿಗೆ ಅರ್ಧ ರೇಟಿಗೆ ಹೋಯಿತು. ಆಮೇಲೆ ಹುಳಿ, ಕ್ಷಾರ ಎಷ್ಟಿದೆ ಅಂತ ತೋರಿಸುವ ಪಿಎಚ್ ಕಾಗದ ತಂದೆ. ನಮ್ಮ ಕಬ್ಬಿನ ಹಾಲು 5.2ರಿಂದ 5.4ರವರೆಗೆ ಇರುತ್ತದೆ. ಸುಣ್ಣದ ತಿಳಿ ಚೂರುಚೂರೇ ಬಿಟ್ಟು 6.3ರ ಹತ್ತಿರ ಬಂದಾಗ ಕೈ ತಡೆಯುತ್ತೇನೆ. ಕಾಗದಕ್ಕೆ ಖರ್ಚು ನೂರಿನ್ನೂರು ರೂಪಾಯಿ. ಇಡೀ ಆಲೆಮನೆಯಲ್ಲಿ ನಾನು ತಂದ ಅತಿ ಅಗ್ಗದ ಸಾಮಾನು ಅದೇ, ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ.

ಅಷ್ಟಾದರೂ ಬೆಳಗಿನ ಮೊದಲ ಕೊಪ್ಪರಿಗೆ ಕಪ್ಪೇ, ಮಧ್ಯಾಹ್ನದ್ದು ಪರವಾಗಿಲ್ಲ. ಕಬ್ಬು ಅದೇ, ಒಲೆ ಅದೇ, ಕಾಯಿಸುವ ಉತ್ತರ ಪ್ರದೇಶದ ಹುಡುಗರೂ ಅವರೇ. ಎರಡು ಲೋಟದಲ್ಲಿ ಹಾಲು ಹಿಡಿದು ಒಂದಕ್ಕೆ ತುಕ್ಕು ಹಿಡಿದ ಮೊಳೆ ಹಾಕಿಟ್ಟೆ. ಟೀ ಕುಡಿದು ಬರುವಷ್ಟರಲ್ಲಿ ಮೊಳೆಯ ಲೋಟ ಹಸಿರುಗಪ್ಪು. ಕಬ್ಬಿನಲ್ಲಿರುವ ಫೀನಾಲ್ ಅನ್ನುವ ಪದಾರ್ಥಗಳೂ ಕಬ್ಬಿಣವೂ ಸೇರಿದರೆ ಹಾಗೇ ಆಗುವುದು. ಹಳೇ ಕಾಲದ ಶಾಯಿಯನ್ನು ಅಳಲೆಕಾಯಿ ಒಗರಿಗೆ ಕಬ್ಬಿಣ ಸೇರಿಸಿ ಮಾಡುತ್ತಿದ್ದುದೂ ಇದೇ ಲೆಕ್ಕದಲ್ಲಿ. ರಾತ್ರಿಯಿಡೀ ಗಾಣದ ರೋಲರ್ ಮೇಲೆ ಹುಳಿ ಹಾಲು ಕೂತು ತುಕ್ಕು ಏಳುತ್ತದೆ, ಬೆಳಿಗ್ಗೆ ಅದೆಲ್ಲ ಕೊಪ್ಪರಿಗೆಗೇ. ಈಗ ದಿನಾ ಬಿಸಿನೀರಲ್ಲಿ ರೋಲರ್ ಉಜ್ಜುತ್ತೇವೆ, ಮೊದಲ ಒಂದೆರಡು ಬಿಂದಿಗೆ ಹಾಲು ಎಮ್ಮೆಗಳ ಪಾಲು.

ಆಮೇಲೆ ಕೊಪ್ಪರಿಗೆಯನ್ನೇ ಬದಲಿಸಿದೆ. ಕಬ್ಬಿಣದ್ದು ತೆಗೆದು ತುಕ್ಕು ಹಿಡಿಯದ 304 ಗ್ರೇಡ್ ಸ್ಟೀಲಿನದು ಮಾಡಿಸಿದ್ದಕ್ಕೆ, ಕೂರಿಸುವ ಕೂಲಿ ಸೇರಿ, ಒಂದೂಮುಕ್ಕಾಲು ಲಕ್ಷದ ಹತ್ತಿರ ಆಯಿತು. ಮನೆಯಲ್ಲಿ ಎರಡು ವಾರ ಯಾರೂ ಸರಿಯಾಗಿ ಮಾತಾಡಲಿಲ್ಲ. ಮೊದಲ ದಿನವೇ ನಡುಮಧ್ಯ ಸೀದುಹೋಯಿತು. ಈ ಸ್ಟೀಲಿನಲ್ಲಿ ಶಾಖ ಹರಡುವುದು ಮಾಮೂಲಿ ಕಬ್ಬಿಣದ ಮೂರನೇ ಒಂದು ಭಾಗದಷ್ಟು. ಬೆಂಕಿ ಎಲ್ಲಿ ತಾಗುತ್ತದೋ ಅಲ್ಲೇ ಸುಡುತ್ತದೆ. ಪಾಕ ಗಟ್ಟಿಯಾಗುವ ಮುಂಚೆಯೇ ಒಲೆಗೆ ಕಬ್ಬಿನ ಸಿಪ್ಪೆ ಹಾಕುವುದು ಕಮ್ಮಿ ಮಾಡಿ, ಕಡೆಯ ಕಾಲು ಗಂಟೆ ಬರೀ ಕೆಂಡದಲ್ಲಿ ಕಾಯಿಸುವುದನ್ನು ಹುಡುಗರಿಗೆ ಒಪ್ಪಿಸಲು ತಿಂಗಳು ಹಿಡಿಯಿತು.

ಕಬ್ಬಿನ ಮಾತು. ನನಗೆ 62175 ತಳಿಗಿಂತ 86032 ಬಣ್ಣದಲ್ಲಿ ಒಂದು ಕೈ ಮೇಲು. ಆದರೆ ತಳಿಗಿಂತ ಹೊತ್ತು ಮುಖ್ಯ. ಕಡಿದ ದಿನವೇ ಅರೆಯಬೇಕು, ಅರೆದ ಹಾಲು ಡ್ರಮ್ಮಿನಲ್ಲಿ ಕೂರಬಾರದು. ಸೇಬು ಕೊಯ್ದಿಟ್ಟರೆ ಕಂದಾಗುತ್ತದಲ್ಲ, ಆ ಕೆಲಸ ಮಾಡುವ ಕಿಣ್ವ ಕಬ್ಬಿನಲ್ಲೂ ಇದೆ. ಬಿಸಿ ಏರಿದರೆ ಅದು ಸಾಯುತ್ತದೆ. ಹಾಗಾಗಿ ಗಾಣ ತಿರುಗುವಾಗಲೇ ಒಲೆ ಹತ್ತಿರಬೇಕು. ಸೋಗೆ ಕಡೆಯ ಎಳೆ ಗಿಣ್ಣು ಎರಡು ಮೂರು ಕಡಿದು ಬಿಸಾಡುತ್ತೇನೆ. ತೂಕ ಹೋಗುತ್ತದೆ ಅಂತ ಅಣ್ಣ ಬೈದ. ನಮ್ಮಲ್ಲಿ ಟನ್ನಿಗೆ ಒಂದು ಕ್ವಿಂಟಾಲ್ ಬೆಲ್ಲ ಇಳಿಯುತ್ತಿತ್ತು, ಈಗ 95 ಕೆ.ಜಿ. ಆಸುಪಾಸು. ಬೈಗುಳಕ್ಕೆ ಅರ್ಥವಿದೆ.

ಇನ್ನು ಥರ್ಮಾಮೀಟರ್. ಪುಸ್ತಕದಲ್ಲಿ 118 ಡಿಗ್ರಿಗೆ ಪಾಕ ಇಳಿಸಿ ಅಂತ ಇದೆ. ಅಲ್ಲಿವರೆಗೆ ಕಾಯಿಸಿದರೆ ನಮ್ಮಲ್ಲಿ ಪ್ರತಿ ಸಲವೂ ಕೆಂಪು ಜಾಸ್ತಿ. ಥರ್ಮಾಮೀಟರೇ ಕೆಟ್ಟಿದೆ ಅಂತ ಬರೀ ನೀರು ಕುದಿಸಿ ನೋಡಿದರೆ 98ರ ಕೆಳಗೇ ಕುದಿಯಿತು. ಎರಡನೇ ಥರ್ಮಾಮೀಟರ್ ತಂದೆ, ಅದೂ ಅಷ್ಟೇ ತೋರಿಸಿತು. ಆಗ ಹೊಳೆಯಿತು: ಮಂಡ್ಯ ಸಮುದ್ರಮಟ್ಟದಿಂದ 680 ಮೀಟರ್ ಹತ್ತಿರ ಮೇಲಿದೆ, ಇಲ್ಲಿ ನೀರು ನೂರಕ್ಕೆ ಕುದಿಯುವುದೇ ಇಲ್ಲ. ನೀರಿನ ಕುದಿಯೇ ನೂರಕ್ಕಿಂತ ಎರಡು ಡಿಗ್ರಿ ಕಮ್ಮಿಯಾದರೆ 118ಕ್ಕೂ ಎರಡು ಕಮ್ಮಿ ಮಾಡಬೇಕು. 116ಕ್ಕೆ ಇಳಿಸಿದ ದಿನ ತಣ್ಣೀರಲ್ಲಿ ಉಂಡೆ ಹಿಡಿದು ಹದ ನೋಡುವ ನಮ್ಮ ದೊಡ್ಡಪ್ಪ ಪಕ್ಕದಲ್ಲೇ ಇದ್ದರು. ಅವರು "ಈಗ ಎತ್ತು" ಅಂದದ್ದೂ, ಮುಳ್ಳು 116 ತೋರಿಸಿದ್ದೂ ಒಟ್ಟಿಗೇ. ಪುಸ್ತಕಕ್ಕಿಂತ ದೊಡ್ಡಪ್ಪನ ಬೆರಳೇ ಸರಿಯಾಗಿತ್ತು.

ಮಡ್ಡಿ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುವುದು ಎಲ್ಲರಿಗೂ ಗೊತ್ತು. ಹಾಲು ಕುದಿಯುವ ಮುಂಚೆಯೇ ಹಾಕಿ, ಮಡ್ಡಿ ಕಟ್ಟಿ ಮೇಲೆ ಬಂದ ಕೂಡಲೇ ಎತ್ತಬೇಕು. ಕುದಿ ಬಂದರೆ ಅದು ಮತ್ತೆ ಒಳಗೇ ಹೋಗುತ್ತದೆ. ನಾನು ಎರಡು ಕಂತಿನಲ್ಲಿ ಹಾಕುತ್ತೇನೆ. ಎರಡನೇ ಕಂತು ಯಾವಾಗ, ಬೆಂಡೆ ಜೊತೆ ಇನ್ನೊಂದು ಯಾವ ತೊಗಟೆ ನೆನೆಹಾಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಒಂದೂಮುಕ್ಕಾಲು ಲಕ್ಷ ವಾಪಸ್ ಬರಲಿ, ಆಮೇಲೆ ನೋಡೋಣ.

ಮಧ್ಯೆ ಇನ್ನೊಂದು ದಾರಿ ಹಿಡಿದಿದ್ದೆ. ಮೊಳೆಯ ಪರೀಕ್ಷೆ ಮಾಡುವಾಗ ಮೂರನೇ ಲೋಟಕ್ಕೆ ನಿಂಬೆಹಣ್ಣು ಹಿಂಡಿದ್ದೆ, ಅದು ಸಂಜೆವರೆಗೂ ಬಣ್ಣ ಕೆಟ್ಟಿರಲಿಲ್ಲ. ಸರಿ, ಕೊಪ್ಪರಿಗೆಗೇ ಹಾಕೋಣ ಅಂತ ಹಾಕಿದರೆ ಬಣ್ಣ ಬಂಗಾರ, ಅಚ್ಚು ಮಾತ್ರ ಕಟ್ಟಲೇ ಇಲ್ಲ. ಹುಳಿ ಮತ್ತು ಬಿಸಿ ಸೇರಿದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಹರಳು ಕಟ್ಟುವುದಿಲ್ಲ. ಸುಮ್ಮನೆ ಡಬ್ಬಿಗೆ ತುಂಬಿ ಮಲೆನಾಡಿನ ಸಾಗರ ಊರಿನ ಪರಿಚಯಸ್ಥರಿಗೆ ಕಳಿಸಿದೆ. ಅವರಿಗೆ ದೋಸೆಗೆ ಜೋನಿಬೆಲ್ಲ (ನೀರುಬೆಲ್ಲ) ಬೇಕೇ ಬೇಕು. ಈಗ ಬೇಕೆಂದೇ ತಿಂಗಳಿಗೆ ಎರಡು ಕೊಪ್ಪರಿಗೆ ಹೀಗೆ ಮಾಡಿ, 105ರ ಒಳಗೇ ಇಳಿಸಿ, ಕೆ.ಜಿ.ಗೆ ನೂರರ ಹತ್ತಿರ ಮಾರುತ್ತೇನೆ. ಅಚ್ಚು ಬೆಲ್ಲಕ್ಕಿಂತ ಲಾಭ ಇದರಲ್ಲೇ.

ಅಯೋಡಿನ್ ಆಟವೂ ಆಡಿದೆ. ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ತೊಟ್ಟು ಬೆಲ್ಲದ ನೀರಿಗೆ ಬಿಟ್ಟರೆ, ಹೈಡ್ರೋಸ್‌ನಿಂದ ಉಳಿದ ಸಲ್ಫೈಟ್ ಇದ್ದಲ್ಲಿ ಕಂದು ಬಣ್ಣ ಮಾಯ. ಬೆಲ್ಲದಲ್ಲಿರುವ ಬೇರೆ ಪದಾರ್ಥಗಳೂ ಸ್ವಲ್ಪ ಅಯೋಡಿನ್ ತಿನ್ನುತ್ತವೆ, ಹಾಗಾಗಿ ಇದನ್ನು ಹಿಡಿದು ಯಾರ ಮೇಲೂ ಜಗಳಕ್ಕೆ ಹೋಗಬೇಡಿ. ನಾನು ಹೋಗಿ ಒಬ್ಬ ನೆಂಟನನ್ನು ಕಳೆದುಕೊಂಡೆ.

ರೇಟಿನ ಮಾತಿಗೆ ಬಂದರೆ, ಮಂಡಿಯಲ್ಲಿ ನನ್ನ ಬೆಲ್ಲಕ್ಕೆ ಮಿಕ್ಕವರ ರೇಟೇ, ಕ್ವಿಂಟಾಲ್‌ಗೆ ನಾಲ್ಕು ಸಾವಿರದ ಆಚೆ ಈಚೆ. ಲ್ಯಾಬ್ ರಿಪೋರ್ಟ್ ಅಲ್ಲಿ ಯಾರಿಗೂ ಬೇಡ. ಬೆಂಗಳೂರಿನ ಎರಡು ಅಂಗಡಿಗೆ ನೇರ ಕೊಟ್ಟರೆ ಕೆ.ಜಿ.ಗೆ 70 ಸಿಗುತ್ತದೆ, ಆದರೆ ಅವರು ತಿಂಗಳಿಗೆ ಐದಾರು ಕ್ವಿಂಟಾಲ್ ದಾಟುವುದಿಲ್ಲ. ಮಳೆಗಾಲದ ಬೆಲ್ಲಕ್ಕೆ ಇನ್ನೂ ಈ ಬಣ್ಣ ಹಿಡಿಸಲು ಆಗಿಲ್ಲ. ಆಷಾಢದಲ್ಲಿ ಸಿಪ್ಪೆ ಒಣಗುವುದಿಲ್ಲ, ಬೆಂಕಿ ಮಂದ, ಹಾಲು ಒಲೆ ಮೇಲೆ ಕೂತು ಕೂತೇ ಕೆಂಪಾಗುತ್ತದೆ. ಸಿಪ್ಪೆಗೆ ತಗಡಿನ ಶೆಡ್ ಹಾಕಿಸಲು ಕೊಟೇಷನ್ ತರಿಸಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.