ಹತ್ತು ವರ್ಷದ ಹಳೇ ಚೀಟಿ

ಇಪ್ಪತ್ತು ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಆದರೂ ನಮ್ಮ ಮನೆಯಲ್ಲೇ ಎಡವಿದೆ. ಅಮ್ಮನಿಗೆ 76. ಶುಗರ್‌ಗೆ ಹತ್ತು ವರ್ಷದಿಂದ ಅದೇ ಗ್ಲಿಮೆಪಿರೈಡ್, ಅದೇ ಡೋಸ್. ಒಂದು ಬೆಳಗಿನ ಜಾವ ನೋಡಿದರೆ ದಿಂಬೆಲ್ಲ ಬೆವರು, ಮಾತು ತೊದಲು. ಶುಗರ್ 52. ಎಚ್ಚರವಿತ್ತು, ನುಂಗುತ್ತಿದ್ದಳು, ಹಾಗಾಗಿ ಸಕ್ಕರೆ ನೀರು ಕುಡಿಸಿದೆ. ಈ ಮಾತ್ರೆಯಲ್ಲಿ ಶುಗರ್ ಮತ್ತೆ ಇಳಿಯಬಹುದು, ಅದಕ್ಕೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಾತ್ರಿ ಊಟ ಅರ್ಧ ಮುದ್ದೆಗೆ ಇಳಿದಿತ್ತು, ಮಾತ್ರೆ ಇಳಿದಿರಲಿಲ್ಲ.

ಡಾಕ್ಟರು ಮೊದಲು ಕೇಳಿದ್ದು ತೂಕ. ಕಿಡ್ನಿಯ ರಕ್ತಪರೀಕ್ಷೆ ತೋರಿಸಿ, "ಕ್ರಿಯಾಟಿನಿನ್ 1.1, ನಾರ್ಮಲ್ ಅಲ್ವಾ ಸಾರ್?" ಅಂದೆ. ಅವರು ಚೀಟಿ ತಿರುಗಿಸಿ, ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಅಂದಾಜು ಲೆಕ್ಕ ಹಾಕಿದರು. ನೀವೂ ಹಾಕಿ ನೋಡಿ. 140ರಲ್ಲಿ ವಯಸ್ಸು ಕಳೆಯಿರಿ: 64. ಅದನ್ನು ತೂಕದಿಂದ, ಅಂದರೆ 45ರಿಂದ ಗುಣಿಸಿ. ಕ್ರಿಯಾಟಿನಿನ್ನನ್ನು 72ರಿಂದ ಗುಣಿಸಿ, ಬಂದದ್ದರಿಂದ ಭಾಗಿಸಿ. ಹೆಂಗಸರಿಗೆ ಕೊನೆಯಲ್ಲಿ 0.85ರಿಂದ ಗುಣಿಸಬೇಕು. ಅಮ್ಮನದು ಬಂದದ್ದು ಸುಮಾರು 31. ಹರೆಯದಲ್ಲಿ ಇದು ನೂರರ ಆಸುಪಾಸು ಇರುತ್ತದೆ! ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ವಯಸ್ಸಾದವರ ಮೈಯಲ್ಲಿ ಸ್ನಾಯುವೇ ಕರಗಿರುತ್ತದೆ, ಹಾಗಾಗಿ ಕಿಡ್ನಿ ಸೋತಿದ್ದರೂ ರಿಪೋರ್ಟ್ ಚೆನ್ನಾಗಿ ಕಾಣುತ್ತದೆ. ಕಿಡ್ನಿ ಸೋತರೆ ಅದರ ಮೂಲಕ ಹೊರಹೋಗುವ ಔಷಧಿ ಮೈಯಲ್ಲೇ ಉಳಿಯುತ್ತದೆ.

ಆದ್ದರಿಂದ ಡಾಕ್ಟರ ಹತ್ತಿರ ಹೋಗುವಾಗ ಇವತ್ತಿನ ತೂಕ ಬರೆದುಕೊಂಡು ಹೋಗಿ. ಮನೆಯಲ್ಲಿರುವ ಮಾತ್ರೆಯನ್ನೆಲ್ಲ ಒಂದು ಚೀಲಕ್ಕೆ ಸುರಿದುಕೊಳ್ಳಿ. ಆಯುರ್ವೇದದ್ದು, ಪಕ್ಕದ ಮನೆಯವರು ಕೊಟ್ಟದ್ದು, ನಮ್ಮಂಥ ಅಂಗಡಿಯಲ್ಲಿ ಸುಮ್ನೆ ಕೇಳಿ ತಂದದ್ದು ಎಲ್ಲವೂ ಬರಲಿ. ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್ ಬಿಪಿ ಮಾತ್ರೆಯ ಜೊತೆ ಸೇರಿ ಕಿಡ್ನಿಗೆ ಪೆಟ್ಟು ಕೊಡಬಹುದು. ಕೆಲವು ಶೀತದ ಮಾತ್ರೆಯಿಂದ ಮಂಪರು ಬರುತ್ತದೆ, ಮೂತ್ರ ಕಟ್ಟುತ್ತದೆ. ಮನೆಯವರು "ವಯಸ್ಸಾಯ್ತು, ಅರಳುಮರಳು" ಅಂದುಕೊಂಡು ಸುಮ್ಮನಾಗುತ್ತಾರೆ.

ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೊಂದು ಪರೀಕ್ಷೆ ಮಾಡಿ. ಐದು ನಿಮಿಷ ಮಲಗಿಸಿ ಬಿಪಿ ನೋಡಿ. ಎಬ್ಬಿಸಿ ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಹಿಡಿದುಕೊಳ್ಳಲು ಒಬ್ಬರು ಪಕ್ಕದಲ್ಲಿರಲಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ಹೇಳಿ. ಬಚ್ಚಲಿಗೆ ಹೋಗುವಾಗ ಬೀಳುವುದು ಎಷ್ಟೋ ಸಲ ಇದರಿಂದಲೇ. ಹಾಗಂತ ನೀವೇ ಮಾತ್ರೆ ಅರ್ಧ ಮಾಡಬೇಡಿ, ನಿಲ್ಲಿಸಲೂ ಬೇಡಿ.

ಅಮ್ಮನಿಗೆ ಈಗ ಬೇರೆ ಮಾತ್ರೆ. ಶುಗರ್ ಮೊದಲಿಗಿಂತ ಸ್ವಲ್ಪ ಜಾಸ್ತಿ ಇದ್ದರೂ ಪರವಾಗಿಲ್ಲ ಅಂದಿದ್ದಾರೆ ಡಾಕ್ಟರು. ಅದನ್ನು ಕೇಳಿದ ದಿನದಿಂದ ಅಮ್ಮ ಕಾಫಿಗೆ ಸಕ್ಕರೆ ಕೇಳುತ್ತಿದ್ದಾಳೆ.