ಎರಡನೇ ಲೀಟರ್ ಬೆಳಗಿನ ಜಾವಕ್ಕೇ ಇರಲಿ: ಕೊಲೊನೋಸ್ಕೋಪಿ ತಯಾರಿ, ನನ್ನ ಅನುಭವ

ಕೊಲೊನೋಸ್ಕೋಪಿ ಅಂದರೆ ಕ್ಯಾಮೆರಾ ಇರುವ ಕೊಳವೆ (ಸ್ಕೋಪು) ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ. ಅದಕ್ಕೆ ಕರುಳು ತೊಳೆಯಲು ಕುಡಿಸುವ ಪೆಗ್ ಎಂಬ ಭೇದಿ ಪುಡಿಯ ಎರಡು ಲೀಟರ್ ನೀರಿನಲ್ಲಿ ಎರಡನೆಯದನ್ನು ಬೆಳಗಿನ ಜಾವ ಕುಡಿಸೋಣ ಅಂದಾಗ ನಮ್ಮ ದಾವಣಗೆರೆ ಕಡೆ ಒಪ್ಪಿದವರು ಕಡಿಮೆ. ಜಗಳೂರು, ಚನ್ನಗಿರಿ, ಹೊಳಲ್ಕೆರೆಯಿಂದ ಬಸ್ಸಿಗೆ ಬರುವವರು ಭೇದಿ ಔಷಧಿ ಕುಡಿದು ಹೇಗೆ ಕೂರುತ್ತಾರೆ ಅನ್ನುವುದೇ ಎಲ್ಲರ ತಕರಾರು. ಈಗ ಕರುಳು ಎಷ್ಟು ಚೊಕ್ಕಟ ಅಂತ 9ಕ್ಕೆ ಅಳೆಯುವ ಬೋಸ್ಟನ್ ಅಂಕ 8, 9 ಬರುವುದು ನಮ್ಮಲ್ಲಿ ಮಾಮೂಲು.

ರಾತ್ರಿಯೇ ಎರಡೂ ಲೀಟರ್ ಮುಗಿಸಿದರೆ ದೊಡ್ಡ ಕರುಳಿನ ಎಡಭಾಗ ಚೊಕ್ಕಟವಾಗಿರುತ್ತದೆ, ಬಲಭಾಗ ಕೈಕೊಡುತ್ತದೆ. ಸಣ್ಣ ಕರುಳಿನಿಂದ ರಾತ್ರಿಯೆಲ್ಲ ಇಳಿಯುವ ಪಿತ್ತ, ಲೋಳೆ ಬಲಭಾಗದಲ್ಲಿ ದೊಡ್ಡ ಕರುಳು ಶುರುವಾಗುವ ಸೀಕಮ್ ಗೋಡೆಗೆ ಮೆತ್ತಿಕೊಳ್ಳುತ್ತದೆ. ಚಪ್ಪಟೆ ಪಾಲಿಪ್‌ಗಳು (ಕರುಳಿನ ಒಳಗೋಡೆಯ ಗಂಟುಗಳು) ಅಡಗುವುದೂ ಅಲ್ಲೇ. ಎನಿಮಾ ಕೊಟ್ಟರೆ ಅಲ್ಲಿಗೆ ಮುಟ್ಟುವುದಿಲ್ಲ.

11 ಗಂಟೆಯ ಕೇಸಿಗೆ ಲೆಕ್ಕ ಹೀಗೆ. 137.15 ಗ್ರಾಂ ಪ್ಯಾಕೆಟ್‌ಗೆ 2 ಲೀಟರ್ ನೀರು. ಬೇರೆ ಪ್ಯಾಕೆಟ್ ಆದರೆ ಅದರ ಮೇಲೆ ಬರೆದಷ್ಟು. ಹಿಂದಿನ ಸಂಜೆ 6ಕ್ಕೆ ಮೊದಲ ಲೀಟರ್, 15 ನಿಮಿಷಕ್ಕೊಂದು ದೊಡ್ಡ ಲೋಟ. ಬೆಳಗ್ಗೆ 5ಕ್ಕೆ ಎರಡನೆಯದು ಶುರು, 6ಕ್ಕೆ ಖಾಲಿ. ಎಂಟರ ಹೊತ್ತಿಗೆ ಸಾಮಾನ್ಯವಾಗಿ ರಭಸ ಇಳಿದಿರುತ್ತದೆ, ಆಗ ಬಸ್ಸು ಹತ್ತಲಿ. ಮೊಳಕಾಲ್ಮೂರಿನಷ್ಟು ದೂರದವರಿಗೆ ಮಧ್ಯಾಹ್ನದ ಸಮಯ ಕೊಟ್ಟು ಎಲ್ಲವನ್ನೂ 2 ಗಂಟೆ ಮುಂದೂಡುವುದು. ಪರೀಕ್ಷೆಗೆ 2 ಗಂಟೆ ಮೊದಲು ನೀರೂ ಬಂದ್.

ರುಚಿಗೆ ಏನೇನೋ ನೋಡಿದ್ದಾಯಿತು. ಸಕ್ಕರೆ ಬೇಡ, ಗ್ಯಾಸ್ ಆಗುತ್ತದೆ. ಮಡಕೆ ನೀರಿನಷ್ಟು ತಣ್ಣಗಿದ್ದು ನಾಲ್ಕು ಹನಿ ನಿಂಬೆ ಬಿದ್ದರೆ ಸಾಕು, ಹೆಚ್ಚಿನವರು ಕುಡಿಯುತ್ತಾರೆ. ವಾಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ ಮುಂದುವರಿಸಬೇಕು. ಹಟ ಹಿಡಿಯುವ ಅಜ್ಜಂದಿರಿಗೆ ಕುಡಿಸುವ ಪಟ್ಟು ಬೇರೆ ಇದೆ, ಅದನ್ನು ಎದುರಿಗೆ ಬಂದವರಿಗಷ್ಟೇ ಹೇಳಿಕೊಡುತ್ತೇನೆ. ನೊರೆಗುಳ್ಳೆ ಒಡೆಯುವ ಔಷಧಿ ಸಿಮೆಥಿಕೋನ್ ಎರಡನೇ ಲೀಟರಿನ ಜೊತೆ ಕೊಟ್ಟರೆ ಚೆನ್ನ.

ಹೆಚ್ಚು ಕೆಡುವುದು ಊಟದಲ್ಲಿ. ಮಂಡಕ್ಕಿ ಹಗುರ ಅಂತ ತಿಂದು ಬರುತ್ತಾರೆ. ತೊಂದರೆ ಮಂಡಕ್ಕಿಯದಲ್ಲ, ಮಿರ್ಚಿಯ ಬೀಜ, ಈರುಳ್ಳಿ, ಶೇಂಗಾದ್ದು. ಸ್ಕೋಪಿನ ಹೀರುವ ದಾರಿ ಸುಮಾರು 3.7 ಮಿ.ಮೀ., ಟೊಮೆಟೊ ಸಿಪ್ಪೆ, ಸೀಬೆ ಬೀಜ ಸಿಕ್ಕಿದರೆ ಕಟ್ಟಿಕೊಳ್ಳುತ್ತದೆ. ಹಿಂದಿನ ಎರಡು ದಿನ ರಾಗಿ ಮುದ್ದೆ, ಜೋಳದ ರೊಟ್ಟಿ, ಸೊಪ್ಪು, ಕಾಳು ಬೇಡ. ಬಿಳಿ ಅನ್ನ, ಮಜ್ಜಿಗೆ, ಇಡ್ಲಿ, ಚಟ್ನಿಯಿಲ್ಲದ ದೋಸೆ ಆಗಬಹುದು. ಹಿಂದಿನ ಮಧ್ಯಾಹ್ನದ ನಂತರ ಸೋಸಿದ ತಿಳಿಸಾರು, ಎಳನೀರು, ಹಾಲಿಲ್ಲದ ಟೀ ಮಾತ್ರ. ಕಿಡ್ನಿ ತೊಂದರೆ ಇದ್ದವರಿಗೆ ಎಳನೀರು ಬೇಡ. ಕೆಂಪು ಶರಬತ್ತು ಒಳಗೆ ರಕ್ತದಂತೆ ಕಾಣುತ್ತದೆ.

ಕಬ್ಬಿಣದ ಮಾತ್ರೆ ವಾರ ಮೊದಲೇ ನಿಲ್ಲಬೇಕು, ಇಲ್ಲದಿದ್ದರೆ ಕಪ್ಪು ಅಂಟು. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಮಾತ್ರೆ, ಇನ್ಸುಲಿನ್ ಬಗ್ಗೆ ವೈದ್ಯರೇ ಚೀಟಿಯಲ್ಲಿ ಬರೆದುಕೊಡಲಿ, ಬಾಯಿಮಾತಿನಲ್ಲಿ ಬಿಡಬೇಡಿ. ಮಲಬದ್ಧತೆ ಹಳೆಯದಾದರೆ ಬರೀ ಎರಡು ಲೀಟರಿಗೆ ಬಗ್ಗುವುದಿಲ್ಲ, ಬಿಸಾಕೊಡಿಲ್ ಎಂಬ ಭೇದಿ ಮಾತ್ರೆ ಕೂಡಿಸುವುದನ್ನು ಮೊದಲೇ ಕೇಳಿಕೊಳ್ಳಿ.

ಅಗ್ಗ ಅಂತ ಪೆಗ್ ಬದಲು ಮ್ಯಾನಿಟಾಲ್ ಎಂಬ ಸಿಹಿ ಭೇದಿ ಔಷಧಿ ಕೊಡುವವರಿದ್ದಾರೆ. ಅದು ಕರುಳಲ್ಲಿ ಕೊಳೆತು ಹೈಡ್ರೋಜನ್ ಹುಟ್ಟುತ್ತದೆ, ಪಾಲಿಪ್ ಸುಡುವಾಗ ಸಿಡಿಯುವ ಅಪಾಯ. ಪುಡಿಗೆ ಮುನ್ನೂರು, ನಾನೂರು ಆಗಬಹುದು. ತಯಾರಿ ಕೆಟ್ಟರೆ ಮತ್ತೆ ಸಾವಿರಗಟ್ಟಲೆ, ಜೊತೆಗೆ ಇಬ್ಬರ ಕೂಲಿ, ಬಸ್ ಚಾರ್ಜು. ಬಡವರಿಗೆ ಎರಡನೇ ಸಲ ಬರಲು ಆಗುವುದೇ ಇಲ್ಲ, ನನಗೆ ಸಂಕಟ ಅದೇ.

ಪರೀಕ್ಷೆ ಅಷ್ಟು ಕಷ್ಟವಲ್ಲ. ಎಡಮಗ್ಗುಲು ಮಲಗಿಸಿ ಮಂಪರಿನ ಔಷಧಿ, ಅರ್ಧ ಗಂಟೆಯ ಕೆಲಸ. ಸ್ಕೋಪು ತಿರುವು ದಾಟುವಾಗ ಹೊಟ್ಟೆ ಹಿಂಡಿದ ಹಾಗಾಗಿ, ಆಮೇಲೆ ಗಾಳಿ ಹೋಗುತ್ತದೆ. ಆ ದಿನ ಬೈಕ್ ಓಡಿಸುವಂತಿಲ್ಲ, ಜೊತೆಗೊಬ್ಬರು ಬೇಕೇ ಬೇಕು. ಪಾಲಿಪ್ ತೆಗೆದಿದ್ದರೆ ಎರಡು ವಾರದವರೆಗೂ ರಕ್ತ ಬರಬಹುದು. ರಕ್ತ ನಿಲ್ಲದಿದ್ದರೆ, ಹೊಟ್ಟೆ ಗಟ್ಟಿಯಾಗಿ ನೋವು, ಜ್ವರ ಬಂದರೆ ತಕ್ಷಣ ವಾಪಸ್ ಬರಬೇಕು.

ಹೊರಡುವ ಮುಂಚೆ ಕೊನೆಯ ಭೇದಿ ಮೂತ್ರದ ಬಣ್ಣದ ತಿಳಿನೀರಾಗಿರಬೇಕು. ಏಳಕ್ಕೂ ಕಂದು ರಾಡಿಯೇ ಬರುತ್ತಿದ್ದರೆ ಬಸ್ಸು ಹತ್ತದೆ ಫೋನ್ ಮಾಡಲಿ, ಸರದಿ ಮಧ್ಯಾಹ್ನಕ್ಕೆ ಹಾಕಿಕೊಡಬಹುದು.